ಕತ್ತಿ ಆಮೇಲೆ, ಮೊದಲು ಹಗ್ಗ ಹಿಡಿಯಿರಿ

ಹೋದ ತಿಂಗಳು ಈ ಅಂಕಣದಲ್ಲಿ ಹಳೇ ಕಾಲದ ಕಡಲ್ಗಳ್ಳರ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಹಡಗಿನ ಮೇಲೆ ಕತ್ತಿ ಹಿಡಿಯುವ ದಿನ ವರ್ಷಕ್ಕೆ ನಾಲ್ಕು ಬಂದರೆ ಜಾಸ್ತಿ, ಹಗ್ಗ ಹಿಡಿಯದ ದಿನ ಒಂದೂ ಇಲ್ಲ ಅಂತ ಅದರಲ್ಲಿ ಒಂದು ಸಾಲು ಇತ್ತು. ಆ ಒಂದು ಸಾಲಿಗೆ ಇಷ್ಟು ಪತ್ರ ಬಂದಿವೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ, 900 ಮೀಟರ್ ಎತ್ತರದಲ್ಲಿ ಕೂತಿರುವ ಬೆಂಗಳೂರಿನವರಿಗೆ ಹಡಗಿನ ಹುಚ್ಚು ಈ ಪಾಟಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕುಮಟೆಯವನು. ನಮ್ಮಜ್ಜ ಮಚವೆಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿಹಡಗಿನಲ್ಲಿ, ಖಲಾಸಿ ಆಗಿದ್ದವರು. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಹಬ್ಬಕ್ಕೆ 14 ಮಕ್ಕಳು ಕಡಲ್ಗಳ್ಳರ ನಾಟಕ ಆಡುತ್ತಿದ್ದಾರೆ. ಬಾಡಿಗೆ ಡ್ರೆಸ್ ನೋಡಿದೆ, ಬರೀ ಮಿಂಚುವ ಪಾಲಿಯೆಸ್ಟರ್. ಮಕ್ಕಳು ಬೆವರಿ ಒದ್ದೆಯಾಗುತ್ತಾರೆ. ನಿಜಕ್ಕೂ ಅವರು ಏನು ಹಾಕುತ್ತಿದ್ದರು? ಮನೆಯಲ್ಲೇ ಹೊಲಿಯಬಹುದಾ? – ಓದುಗಿ, ಜಯನಗರ

ಖಂಡಿತ ಹೊಲಿಯಬಹುದು, ಬಾಡಿಗೆ ಡ್ರೆಸ್ ಬಿಟ್ಟುಬಿಡಿ. 1700ರ ಆಚೀಚೆಯ ಹಡಗಿನ ಆಳು ಹಾಕುತ್ತಿದ್ದುದು ತುಂಬಾ ಸಾದಾ ಬಟ್ಟೆ. ಅಗಲ ಕಾಲಿನ ಚಡ್ಡಿ, ಚೌಕಳಿ ಅಂಗಿ, ಕುತ್ತಿಗೆಗೊಂದು ಕರವಸ್ತ್ರ, ಚಳಿಗೆ ಗಿಡ್ಡ ಕೋಟು, ತಲೆಗೆ ಉಣ್ಣೆ ಟೋಪಿ. ಡೆಕ್ ಮೇಲೆ ಬಹಳ ಸಲ ಬರಿಗಾಲು. ಜರತಾರಿ ಕೋಟು, ಮೂರು ಮೂಲೆಯ ಟೋಪಿ ಇವೆಲ್ಲ ದುಡ್ಡಿದ್ದ ಕಪ್ತಾನರದು, ಅದೂ ಬಂದರಿಗೆ ಇಳಿದು ಮೆರೆಯುವಾಗ. 14 ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕೋಟು ಹಾಕಿ, ಉಳಿದ 13 ಜನ ಕೆಲಸದವರಾಗಿರಲಿ. ಆಗ ಅದು ಹಡಗಿನ ಥರ ಕಾಣುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಆ ಬಟ್ಟೆಯಲ್ಲಿ ಅರ್ಧ ನಮ್ಮದೇ. ಜಾನ್ ರಾಕಮ್ ಅನ್ನುವ ಕಡಲ್ಗಳ್ಳನನ್ನು 1720ರಲ್ಲಿ ಜಮೈಕಾದಲ್ಲಿ ಗಲ್ಲಿಗೇರಿಸಿದರು. ಅವನಿಗೆ ಕ್ಯಾಲಿಕೊ ಜಾಕ್ ಅಂತ ಹೆಸರು ಬಂದದ್ದು ಹತ್ತಿ ಬಟ್ಟೆಯ ಶೋಕಿಯಿಂದ. ಆ ಕ್ಯಾಲಿಕೊ ಅಂದರೆ ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರೇ. ಡಂಗರಿ ಅನ್ನುವುದು ಮುಂಬೈಯ ಡೋಂಗ್ರಿಯಿಂದ ಬಂತು. ತಲೆಗೆ ಕಟ್ಟುವ ಬಂದಾನಾ ಅನ್ನುವುದು ಬಾಂಧನಿಯಿಂದ. ಇಲ್ಲಿಂದ ಹತ್ತಿಯಾಗಿ ಹೋದದ್ದು ಮುನ್ನೂರು ವರ್ಷ ಆದಮೇಲೆ ಪಾಲಿಯೆಸ್ಟರಾಗಿ ವಾಪಸ್ ಬಂದಿದೆ ಅಷ್ಟೆ.

ಚಿಕ್ಕಪೇಟೆಗೆ ಹೋಗಿ ಕೋರಾ ಹತ್ತಿ ಬಟ್ಟೆ ಕೇಳಿ, ಅಂಗಿಗೆ ಲುಂಗಿಯ ನೀಲಿ ಚೌಕಳಿ ಬಟ್ಟೆ ತಗೊಳ್ಳಿ. ಹೊಲಿಯುವ ಮುಂಚೆ ಒಂದು ಸಲ ಬಿಸಿನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಆ ಕಾಲದ ಅಂಗಿಯಲ್ಲಿ ಡೊಂಕು ಕತ್ತರಿಯೇ ಇಲ್ಲ, ಎಲ್ಲಾ ಆಯತ ಮತ್ತು ಚೌಕ ತುಂಡುಗಳು. ಮೈಗೆ ಒಂದು ಉದ್ದ ಆಯತ, ತೋಳಿಗೆ ಎರಡು, ಕೈ ಎತ್ತಿದಾಗ ಹರಿಯಬಾರದು ಅಂತ ಕಂಕುಳಲ್ಲಿ ಅಂಗೈಯಷ್ಟು ಚೌಕದ ತುಂಡು. ನಮ್ಮ ಜುಬ್ಬಾ ಹೊಲಿದ ಕೈಗೆ ಇದು ಒಂದು ಸಂಜೆಯ ಕೆಲಸ. ಚಡ್ಡಿ ಅಂತೂ ಇನ್ನೂ ಸುಲಭ, ಅಜ್ಜಂದಿರ ಪಟ್ಟಾಪಟ್ಟಿ ಚಡ್ಡಿಯನ್ನು ಮಂಡಿ ಕೆಳಗಿನವರೆಗೆ ಉದ್ದ ಮಾಡಿದರೆ ಆಯಿತು. ಎಲಾಸ್ಟಿಕ್ ಬೇಡ, ಲಾಡಿ ಹಾಕಿ.

ಹೊಸ ಬಟ್ಟೆ ಹೊಸದಾಗಿ ಕಾಣಬಾರದಲ್ವಾ? ಗಟ್ಟಿ ಟೀ ಡಿಕಾಕ್ಷನ್ ಸಾಕು. ಮಲೆನಾಡಿನ ನೆಂಟರಿದ್ದರೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ನೀರು ತರಿಸಿಕೊಳ್ಳಿ, ಒಳ್ಳೆ ಕೆಂಪು ಕಂದು ಬರುತ್ತದೆ. ಅದೇ ಚೊಗರಿನ ಬಟ್ಟೆಯನ್ನು ತುಕ್ಕು ಮೊಳೆ ನೆನೆಸಿದ ನೀರಿಗೆ ಅದ್ದಿದರೆ ಕಪ್ಪಿಗೆ ತಿರುಗುತ್ತದೆ. ನಾವಿಕರು ತಮ್ಮ ಟೋಪಿ, ಕೋಟಿಗೆ ಮರದ ಟಾರ್ ಬಳಿದುಕೊಳ್ಳುತ್ತಿದ್ದರು, ಮಳೆ ನೀರು ಇಳಿಯದಿರಲಿ ಅಂತ. ನಾವು ಲಾರಿಗೆ ಹೊದಿಸುವ ಟಾರ್ಪಾಲಿನ ಹೆಸರು ಅಲ್ಲಿಯದೇ. ಅದಕ್ಕೆ ರಸ್ತೆ ಡಾಂಬರು ಬಳಿಯಲು ಹೋಗಬೇಡಿ, ಆ ಟಾರ್ ಬೇರೆ, ಪೈನ್ ಮರದ್ದು. ಯಾರಾದರೂ ಅಗಸೆ ಎಣ್ಣೆ ಬಳಿಯಿರಿ ಅಂದರೆ ಒಂದು ಮಾತು ನೆನಪಿಡಿ: ಆ ಎಣ್ಣೆ ಹೀರಿದ ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ, ಹೊರಗೆ ಒಣಗಿಸಬೇಕು. ಮಕ್ಕಳ ನಾಟಕಕ್ಕೆ ಅದರ ಅಗತ್ಯ ಇಲ್ಲ ಬಿಡಿ.

ಪ್ರಶ್ನೆ: ಹಡಗಿನ ಬಿಸ್ಕತ್ತು ಮಾಡಿದೆ. ವರ್ಷಗಟ್ಟಲೆ ಕೆಡುವುದಿಲ್ಲ ಅಂತಾರೆ, ನನ್ನದು ಒಂಬತ್ತನೇ ದಿನಕ್ಕೆ ಬೂಸ್ಟು ಹಿಡಿಯಿತು. ಏನು ತಪ್ಪಾಯಿತು? – ಓದುಗರು, ಮಲ್ಲೇಶ್ವರ

ನೀರು ಒಳಗೇ ಉಳಿದಿದೆ, ಅಷ್ಟೇ ತಪ್ಪು. ನನ್ನದೂ ಮೊದಲ ಸಲ ಹೀಗೇ ಆಗಿತ್ತು. ಎರಡನೇ ಸಲ ಚೆನ್ನಾಗಿ ಬಂತು, ಎಷ್ಟು ಚೆನ್ನಾಗಿ ಅಂದರೆ ಕಚ್ಚಿ ನೋಡಲು ಹೋಗಿ ಮುಂದಿನ ಹಲ್ಲಿನ ತುದಿ ಚೂರು ಹಾರಿತು. ದಂತವೈದ್ಯರು ಏನು ತಿಂದಿರಿ ಅಂತ ಕೇಳಿದರು. ಬಿಸ್ಕತ್ತು ಅಂದೆ. ಅವರು ನಂಬಲಿಲ್ಲ.

ಅರ್ಧ ಕಿಲೋ ಗೋಧಿ ಹಿಟ್ಟು, ಒಂದು ಚಮಚ ಉಪ್ಪು, ಸುಮಾರು 200 ಮಿಲಿ ನೀರು. ಎಣ್ಣೆ, ತುಪ್ಪ, ಬೆಣ್ಣೆ ಒಂದು ತೊಟ್ಟೂ ಬೇಡ, ಜಿಡ್ಡು ಇದ್ದರೆ ಕಮಟು ವಾಸನೆ ಬರುತ್ತದೆ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು, ನಾದುವಾಗ ಮುಂಗೈ ನೋಯಬೇಕು. ಮುಕ್ಕಾಲು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಮೊಳೆಯಿಂದ ಮೇಲಿಂದ ಕೆಳಗಿನವರೆಗೆ ತೂತು ಮಾಡಿ. ತೂತು ಅಂದಕ್ಕಲ್ಲ, ಒಳಗಿನ ಹಬೆ ಹೊರಬರುವ ದಾರಿ. 150 ಡಿಗ್ರಿಯಲ್ಲಿ ಮಧ್ಯೆ ಒಮ್ಮೆ ತಿರುವಿಹಾಕಿ ಎರಡು ಗಂಟೆಗೂ ಜಾಸ್ತಿ ಸುಡಿ. ಓವನ್ ಆರಿಸಿದ ಮೇಲೂ ಅದರೊಳಗೇ ರಾತ್ರಿಯಿಡೀ ಬಿಡಿ. ಬಿಸ್ಕತ್ತು ಅನ್ನುವ ಹೆಸರಿನ ಅರ್ಥವೇ ಎರಡು ಸಲ ಬೆಂದದ್ದು ಅಂತ. ಅಯ್ಯಂಗಾರ್ ಬೇಕರಿಯವರು ರಸ್ಕ್ ಮಾಡುವುದೂ ಇದೇ ಲೆಕ್ಕದಲ್ಲಿ, ಬನ್ ಒಮ್ಮೆ ಬೇಯಿಸಿ, ಹೋಳು ಮಾಡಿ, ಮತ್ತೆ ಒಣಗಿಸಿ.

ಒಣಗಿದೆಯೋ ಇಲ್ಲವೋ ಅಂತ ತಟ್ಟಿ ನೋಡುವುದು, ಮುರಿದು ನೋಡುವುದು ಇವೆಲ್ಲ ಅಂದಾಜು. ಅಡುಗೆಮನೆ ತಕ್ಕಡಿ ಇದ್ದರೆ ತೂಗಿ ನೋಡಿ. ನಾದಿದಾಗ ಹಿಟ್ಟು, ನೀರು ಸೇರಿ 700 ಗ್ರಾಂ ಇರುತ್ತದೆ. ಅದು ಇಳಿದು 500ಕ್ಕಿಂತ ಕೆಳಗೆ ಬರಬೇಕು. ಹಿಟ್ಟಿನಲ್ಲೇ ಸುಮಾರು ಎಂಟನೇ ಒಂದು ಭಾಗ ನೀರು ಇರುತ್ತದಲ್ಲ, ಅದೂ ಹೋಗಬೇಕು. ನಿಮ್ಮದು 560, 570ರಲ್ಲಿ ನಿಂತಿರುತ್ತದೆ, ನೋಡಿ ಬೇಕಾದರೆ. ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಬೆಂಗಳೂರಿನ ಜುಲೈ ತಿಂಗಳ ಗಾಳಿ ಹಪ್ಪಳವನ್ನೇ ಮೆತ್ತಗೆ ಮಾಡುತ್ತದೆ, ಇದನ್ನು ಬಿಡುತ್ತದಾ?

ತಿನ್ನುವುದು ಹೇಗೆ ಅಂದರೆ, ನೆನೆಸಿ. ಇಂಗ್ಲಿಷ್ ನೌಕಾಪಡೆಯಲ್ಲಿ ಒಬ್ಬನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಇದು, ಜೊತೆಗೆ ಒಂದು ಗ್ಯಾಲನ್ ಬಿಯರ್. ಉಪ್ಪು ಹಾಕಿದ ಮಾಂಸದ ಸಾರಿನಲ್ಲಿ ಮುಳುಗಿಸಿ ಗಂಜಿ ಮಾಡಿಕೊಳ್ಳುತ್ತಿದ್ದರು. ತಿನ್ನುವ ಮುಂಚೆ ಮೇಜಿಗೆ ಎರಡು ಸಲ ಕುಟ್ಟುವುದು ರೂಢಿ, ಒಳಗಿನ ಹುಳ ಉದುರಲಿ ಅಂತ. ನಾನು ಬಿಸಿ ಹುರುಳಿ ಸಾರಿನಲ್ಲಿ ಅರ್ಧ ಗಂಟೆ ಬಿಟ್ಟೆ. ಪರವಾಗಿಲ್ಲ, ತಿನ್ನಬಹುದು. ಎರಡನೇ ದಿನ ಬೇಡ ಅನ್ನಿಸಿತು. ನಮ್ಮಜ್ಜ ಹೇಳುತ್ತಿದ್ದ ಮಚವೆಯ ಊಟ, ಕುಚ್ಚಲಕ್ಕಿ ಗಂಜಿ, ಒಣಮೀನು, ಬೆಲ್ಲದ ಚೂರು, ಇದರ ಮುಂದೆ ಮದುವೆ ಊಟ.

ಪ್ರಶ್ನೆ: ಆನ್‌ಲೈನಿನಲ್ಲಿ ಕಡಲ್ಗಳ್ಳರ ಕತ್ತಿ ತರಿಸೋಣ ಅಂತಿದ್ದೇನೆ, ಸ್ಟೀಲಿನದು. ಮೆರವಣಿಗೆಯಲ್ಲಿ ಹಿಡಿಯಬಹುದಾ? – ವಿದ್ಯಾರ್ಥಿ, ವಿಜಯನಗರ

ಬೇಡಪ್ಪಾ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಹರಿತವಾದ ಅಲಗು ಶಸ್ತ್ರ ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಅಡುಗೆಮನೆ, ಹೊಲದ ಕತ್ತಿಗೆ ವಿನಾಯ್ತಿ ಇದೆ, ನಿನ್ನ ಶೋಕಿಗೆ ಇಲ್ಲ. ಮೆಟ್ರೋ ತಪಾಸಣೆಯಲ್ಲಂತೂ ಒಳಗೇ ಬಿಡುವುದಿಲ್ಲ. ಮರದ ಕತ್ತಿ ಮಾಡಿಸು, ಅಲ್ಯುಮಿನಿಯಂ ಬಣ್ಣ ಹೊಡಿ. ಯಕ್ಷಗಾನದಲ್ಲಿ ಇಡೀ ಕುರುಕ್ಷೇತ್ರ ಮರದ ಆಯುಧದಲ್ಲೇ ಮುಗಿಯುತ್ತದೆ, ಯಾರೂ ದೂರು ಕೊಟ್ಟಿಲ್ಲ. ಉದ್ದ ಜಾಸ್ತಿ ಬೇಡ. ಹಡಗಿನ ಕತ್ತಿ ಗಿಡ್ಡ ಇರುತ್ತಿತ್ತು, ಸುತ್ತ ಹಗ್ಗದ ಬಲೆ ಇರುವ ಇಕ್ಕಟ್ಟಿನಲ್ಲಿ ಉದ್ದ ಕತ್ತಿ ಬೀಸಿದರೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ನಾನು ಶಾಲೆಯಲ್ಲಿ ಸ್ಕೌಟ್ಸ್ ನೋಡಿಕೊಳ್ಳುತ್ತೇನೆ. ನಾವಿಕರ ಗಂಟು ಕಲಿಸಬೇಕು. ಯಾವ ಹಗ್ಗ, ಯಾವ ಗಂಟು? – ಶಿಕ್ಷಕಿ, ಯಲಹಂಕ

ಮೇಡಂ, ಹಾರ್ಡ್‌ವೇರ್ ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ತರಬೇಡಿ. ಅದು ಜಾರುತ್ತದೆ, ಮಕ್ಕಳು ಗಂಟು ಸರಿಯಾಗಿ ಹಾಕಿದರೂ ಬಿಚ್ಚಿಕೊಂಡು ಅವರಿಗೆ ತಮ್ಮ ಮೇಲೇ ಅನುಮಾನ ಬರುತ್ತದೆ. ತೆಂಗಿನ ನಾರಿನ ಹಗ್ಗ ನೋಡಲು ಚಂದ, ನೀರಲ್ಲಿ ತೇಲುತ್ತದೆ, ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ, ಆದರೆ ಎಳೆಯ ಅಂಗೈಗೆ ಚುಚ್ಚುತ್ತದೆ. ಕಲಿಯಲು ಕಿರುಬೆರಳು ದಪ್ಪದ ಹತ್ತಿ ಹಗ್ಗ ಒಳ್ಳೆಯದು. ಒಬ್ಬೊಬ್ಬರಿಗೆ ಎರಡು ಮೀಟರ್, ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಕೇಳಿದರೆ ಸಿಗುತ್ತದೆ.

ಮೊದಲ ಪಾಠ ಗಂಟಲ್ಲ, ತುದಿ. ಮೂರು ಪುರಿಯ ಹಗ್ಗದ ತುದಿಯನ್ನು ಹಾಗೇ ಬಿಟ್ಟರೆ ಒಂದು ಗಂಟೆಯಲ್ಲಿ ಪೊರಕೆ ಆಗುತ್ತದೆ. ಮೇಣ ಹಚ್ಚಿದ ನೂಲನ್ನು ತುದಿಗೆ ಒತ್ತಾಗಿ ಹತ್ತು ಹನ್ನೆರಡು ಸುತ್ತು ಸುತ್ತಿ, ಕೊನೆಯನ್ನು ಸುತ್ತಿನ ಒಳಗೇ ಎಳೆದು ಕತ್ತರಿಸಬೇಕು. ಹುಡುಗರಿಗೆ ಇದು ಬೋರು. ಮಾಡಿಸಲೇಬೇಕು.

ಗಂಟು ಮೂರೇ ಮೂರು ಸಾಕು. ಕಂಬಕ್ಕೆ ಹಗ್ಗ ಕಟ್ಟಲು ಕ್ಲೋವ್ ಹಿಚ್, ಅದು ದನ ಕಟ್ಟಿದವರಿಗೆಲ್ಲ ಗೊತ್ತು. ಹಾಯಿಯನ್ನು ಮಡಚಿ ಕಟ್ಟಲು ರೀಫ್ ಗಂಟು, ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಇದರಲ್ಲಿ ಎರಡು ಹಗ್ಗ ಜೋಡಿಸಿ ಭಾರ ಎಳೆಯಬೇಡಿ. ಒಂದು ತುದಿ ಜಗ್ಗಿದರೆ ಬಿಚ್ಚಲಿ ಅಂತಲೇ ಇರುವ ಗಂಟು ಅದು, ಗಾಳಿ ತಿರುಗಿದಾಗ ಹಾಯಿ ಬೇಗ ಬಿಚ್ಚಬೇಕಲ್ಲ.

ಮೂರನೆಯದು ಬೌಲೈನ್. ಎಷ್ಟೇ ಭಾರ ಬಿದ್ದರೂ ಈ ಕುಣಿಕೆ ಬಿಗಿಯುವುದಿಲ್ಲ, ಭಾರ ತೆಗೆದ ಮೇಲೆ ಎರಡು ಬೆರಳಲ್ಲಿ ಬಿಚ್ಚಬಹುದು. ಜೀರುಗುಣಿಕೆಗೆ ಪೂರ್ತಿ ಉಲ್ಟಾ. ಹಗ್ಗದ ಉದ್ದ ಭಾಗ ನಿಮ್ಮಿಂದ ಆಚೆ ಚಾಚಿರಲಿ. ಒಂದು ಮೊಳ ತುದಿ ಬಿಟ್ಟು ಸಣ್ಣ ಸುರುಳಿ ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಬರಬೇಕು. ಸುರುಳಿಯೇ ಹುತ್ತ, ಆಚೆ ಚಾಚಿದ ಹಗ್ಗ ಮರ, ನಿಮ್ಮ ಕೈಲಿರುವ ತುದಿ ಹಾವು. ಹಾವು ಹುತ್ತದ ಅಡಿಯಿಂದ ಮೇಲೆ ಬಂತು, ಮರದ ಹಿಂದಿನಿಂದ ಒಂದು ಸುತ್ತು ಹಾಕಿತು, ಯಾರನ್ನೋ ನೋಡಿ ಹೆದರಿ ಅದೇ ಹುತ್ತಕ್ಕೆ ಇಳಿಯಿತು. ಈಗ ಮರವನ್ನೂ ಹಾವನ್ನೂ ಎರಡು ಕಡೆಗೆ ಎಳೆಯಿರಿ. ಇಂಗ್ಲಿಷಿನವರು ಇದೇ ಕಥೆಯನ್ನು ಮೊಲ ಇಟ್ಟುಕೊಂಡು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಹಾವೇ ಸರಿ, ಮರೆಯುವುದಿಲ್ಲ. ಒಂದೇ ಎಚ್ಚರ, ಯಾವ ಗಂಟೂ ಕುತ್ತಿಗೆ ಹತ್ತಿರ ಹೋಗಬಾರದು, ತಮಾಷೆಗೂ.

ಪ್ರಶ್ನೆ: ಜಿಪಿಎಸ್ ಇಲ್ಲದೆ ಹಡಗಿನ ಸ್ಪೀಡ್ ಹೇಗೆ ಗೊತ್ತಾಗುತ್ತಿತ್ತು? ನಾನು ವಿಜ್ಞಾನ ಪ್ರಾಜೆಕ್ಟ್ ಮಾಡಬೇಕು. – ಎಂಟನೇ ತರಗತಿ ಹುಡುಗ, ಕೆಂಗೇರಿ

ಪುಟ್ಟಾ, ಈ ತಿಂಗಳ ಒಳ್ಳೇ ಪ್ರಶ್ನೆ ನಿನ್ನದು. ಹಗ್ಗಕ್ಕೆ ಗಂಟು ಹಾಕಿ ಎಣಿಸುತ್ತಿದ್ದರು. ಇವತ್ತಿಗೂ ಹಡಗಿನ ವೇಗವನ್ನು ನಾಟ್ ಅಂತ ಹೇಳುವುದು ಅದಕ್ಕೇ, ನಾಟ್ ಅಂದರೆ ಗಂಟು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್.

ಪಿಜ್ಜಾ ತುಂಡಿನ ಆಕಾರದ ಹಲಗೆ, ಅದರ ಡೊಂಕು ಅಂಚಿಗೆ ಸೀಸ ಹೊಡೆದಿರುತ್ತದೆ, ನೀರಲ್ಲಿ ನೆಟ್ಟಗೆ ನಿಲ್ಲಲಿ ಅಂತ. ಹಲಗೆಗೆ ಉದ್ದ ಹಗ್ಗ, ಹಗ್ಗಕ್ಕೆ 47 ಅಡಿ 3 ಇಂಚಿಗೊಂದು ಗಂಟು. ಹಡಗಿನ ಹಿಂದಿನಿಂದ ಹಲಗೆ ಎಸೆದರೆ ಅದು ನೀರಲ್ಲಿ ಇದ್ದಲ್ಲೇ ಇರುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಸುರುಳಿ ಬಿಚ್ಚಿ ಓಡುತ್ತದೆ. ಒಬ್ಬ ಮರಳಿನ ಗಡಿಯಾರ ತಿರುಗಿಸಿ ಹಿಡಿದಿರುತ್ತಾನೆ, ಅದು 28 ಸೆಕೆಂಡಿನದು. ಇನ್ನೊಬ್ಬನ ಬೆರಳುಗಳ ಸಂದಿಯಲ್ಲಿ ಗಂಟುಗಳು ಟಕ್ ಟಕ್ ಅಂತ ದಾಟುತ್ತವೆ. ಮರಳು ಮುಗಿದ ತಕ್ಷಣ ಹಗ್ಗ ಗಪ್ಪನೆ ಹಿಡಿ. ಐದು ಗಂಟು ದಾಟಿದ್ದರೆ ಐದು ನಾಟ್. ಲೆಕ್ಕ ತಾಳೆ ನೋಡು: 47 ಅಡಿ 3 ಇಂಚು ಅಂದರೆ 14.4 ಮೀಟರ್, ಅದನ್ನು 28ರಿಂದ ಭಾಗಿಸು, ಸೆಕೆಂಡಿಗೆ ಸುಮಾರು 0.514 ಮೀಟರ್ ಬರುತ್ತದೆ. ಅದನ್ನು 3600ರಿಂದ ಗುಣಿಸಿದರೆ 1.85 ಕಿಲೋಮೀಟರ್ ಸಿಗುತ್ತದೆ.

ಕೆಂಗೇರಿಯಲ್ಲಿ ಹಡಗು ಇಲ್ಲ, ಸೈಕಲ್ ಇದೆಯಲ್ಲ. ಟ್ಯಾಂಕ್ ಕಟ್ಟುವಷ್ಟು ದಪ್ಪ ಹಗ್ಗ ಬೇಡ, ದಾರದಂಥ ಸಣ್ಣ ಹುರಿ 60 ಮೀಟರ್ ತಗೋ. 7.2 ಮೀಟರಿಗೊಂದು ಗಂಟು ಹಾಕು, ಗಡಿಯಾರ 14 ಸೆಕೆಂಡಿನದು ಮಾಡಿಕೋ. ಎರಡೂ ಅರ್ಧ ಆದ್ದರಿಂದ ಲೆಕ್ಕ ಬದಲಾಗುವುದಿಲ್ಲ. ಖಾಲಿ ಮೈದಾನದಲ್ಲಿ ಗೆಳೆಯ ಹುರಿಯ ತುದಿ ಹಿಡಿದು ಅಲ್ಲಾಡದೆ ನಿಲ್ಲಲಿ, ಅವನೇ ಹಲಗೆ. ಸೈಕಲ್ಲಿನ ಹಿಂದೆ ಕೂತವನು ಹುರಿಯ ಉಂಡೆ ಹಿಡಿದು ಬಿಡುತ್ತಾ ಎಣಿಸಲಿ. ಬೆರಳಿಗೆ ಹಳೇ ಸಾಕ್ಸ್ ಸುತ್ತಿಕೊಳ್ಳಿ, ಓಡುವ ಹುರಿ ಚರ್ಮ ಸುಲಿಯುತ್ತದೆ, ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ಹುರಿ ಚಕ್ರಕ್ಕೆ ಸಿಕ್ಕದ ಹಾಗೆ ನೋಡಿಕೊಳ್ಳಿ. ನಿಧಾನಕ್ಕೆ ತುಳಿದರೆ ಐದಾರು ನಾಟ್ ಬರುತ್ತದೆ. ನಡೆದರೆ ಎರಡೂವರೆ ಮೂರು. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಳೆದರೆ ಒಂದು ಗಂಟೂ ಬರಲಿಕ್ಕಿಲ್ಲ.

ಮರಳಿನ ಗಡಿಯಾರಕ್ಕೆ ಎರಡು ಸಣ್ಣ ಬಾಟಲಿಯ ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ನಡುವೆ ಮೊಳೆಯಿಂದ ತೂತು ಮಾಡು. ಮರಳನ್ನು ಜರಡಿ ಹಿಡಿದು, ಹಳೇ ಬಾಣಲೆಯಲ್ಲಿ ಹುರಿದು ತೇವ ತೆಗಿ. ತೂತು ದೊಡ್ಡದು ಮಾಡಬಹುದು, ಆಮೇಲೆ ಚಿಕ್ಕದು ಮಾಡಲು ಆಗಲ್ಲ. ಅದಕ್ಕೆ ತೂತನ್ನು ಹಾಗೇ ಬಿಟ್ಟು ಮರಳನ್ನೇ ಚಿಟಿಕೆ ಚಿಟಿಕೆ ತೆಗೆಯುತ್ತಾ 14 ಸೆಕೆಂಡಿಗೆ ತಂದು ನಿಲ್ಲಿಸು. ಮಾಡಿ ಎರಡು ದಿನ ಬಿಟ್ಟು ಮತ್ತೆ ಅಳೆ, ಮಳೆಗಾಲದಲ್ಲಿ ಬದಲಾಗಿರುತ್ತದೆ. ಆ ವ್ಯತ್ಯಾಸವನ್ನೂ ಪ್ರಾಜೆಕ್ಟಿನಲ್ಲಿ ಬರಿ, ಮೇಷ್ಟ್ರು ಖುಷಿಪಡುತ್ತಾರೆ.

ಪ್ರಶ್ನೆ: ಒಂದು ಕಣ್ಣಿಗೆ ಕಪ್ಪು ಪಟ್ಟಿ, ಭುಜದ ಮೇಲೆ ಗಿಳಿ, ಹಲಗೆ ಮೇಲೆ ನಡೆಸಿ ಸಮುದ್ರಕ್ಕೆ ತಳ್ಳುವುದು, ಇದೆಲ್ಲ ನಿಜವಾ? – ಓದುಗರು, ಹನುಮಂತನಗರ

ಬಹುಪಾಲು ಕಥೆಗಾರರ ಕೈಚಳಕ. ಹಲಗೆ ನಡಿಗೆಗೆ ಆ ಕಾಲದ ಸಾಕ್ಷಿ ಇಲ್ಲವೆನ್ನುವಷ್ಟು ಕಮ್ಮಿ. ನಿಜವಾದದ್ದು ಇದಕ್ಕಿಂತ ಸ್ವಾರಸ್ಯ. ಕಡಲ್ಗಳ್ಳರ ಹಡಗಿನಲ್ಲಿ ಕರಾರು ಪತ್ರ ಇರುತ್ತಿತ್ತು. 1722ರಲ್ಲಿ ಸತ್ತ ಬಾರ್ತಲೋಮ್ಯೂ ರಾಬರ್ಟ್ಸನ ಹಡಗಿನಲ್ಲಿ ದುಡ್ಡಿಟ್ಟು ಜೂಜಾಡುವ ಹಾಗಿಲ್ಲ, ರಾತ್ರಿ ಎಂಟಕ್ಕೆ ದೀಪ ಆರಬೇಕು, ಲೂಟಿಯಲ್ಲಿ ಕಪ್ತಾನನಿಗೆ ಎರಡೇ ಪಾಲು. ಅದಕ್ಕೂ ಹಿಂದೆ ಕೆರಿಬಿಯನ್ನಿನ ಕಡಲ್ಗಳ್ಳರಲ್ಲಿ ಬಲಗೈ ಹೋದರೆ 600 ಬೆಳ್ಳಿ ನಾಣ್ಯ, ಎಡಗೈಗೆ 500, ಕಣ್ಣಿಗೆ 100 ಅಂತ ಪರಿಹಾರದ ಪಟ್ಟಿಯೇ ಇತ್ತು. ನಾಟಕ ಬರೆಯುವುದಾದರೆ ಗಿಳಿ ಬಿಟ್ಟು ಈ ಪತ್ರಕ್ಕೆ ಸಹಿ ಹಾಕುವ ದೃಶ್ಯ ಬರೆಯಿರಿ.

ಪ್ರಶ್ನೆ: ನೀವು ಕರಾವಳಿಯವರು, ಆದರೂ ಬರೆಯುವುದು ಬರೀ ಇಂಗ್ಲಿಷ್ ಕಳ್ಳರ ಬಗ್ಗೆ. ನಮ್ಮ ಕಡಲಲ್ಲಿ ಯಾರೂ ಇರಲಿಲ್ಲವಾ? – ಹೊನ್ನಾವರ ಮೂಲದ ಓದುಗರು, ರಾಜಾಜಿನಗರ

ಬೈದದ್ದು ಸರಿ ಮಾರಾಯ್ರೆ, ತಪ್ಪಾಯಿತು. ನಿಮ್ಮೂರಿನವನಿಂದಲೇ ಶುರು ಮಾಡುತ್ತೇನೆ. ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಬೇರೆಲ್ಲೋ ಹೊರಟಿದ್ದವನನ್ನು ಗೋವೆಯ ಕಡೆ ತಿರುಗಿಸಿದವನು ಈತ. ಅವನು ಕಡಲ್ಗಳ್ಳನೋ, ನೌಕಾನಾಯಕನೋ? ಪೋರ್ಚುಗೀಸರಿಗೆ ಬೇಡವಾದಾಗ ಕಳ್ಳ, ಬೇಕಾದಾಗ ಮಿತ್ರ. ಆ ಕಾಲದ ಕಡಲಲ್ಲಿ ಈ ಪದವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಮೊದಲು ನೋಡಬೇಕು. ಪೋರ್ಚುಗೀಸರು ಕರ್ತಾಸ್ ಅನ್ನುವ ಪರವಾನಗಿ ಚೀಟಿ ಕೊಡುತ್ತಿದ್ದರು, ಅದಿಲ್ಲದ ನಮ್ಮ ವ್ಯಾಪಾರಿ ಹಡಗನ್ನು ಹಿಡಿದು ದೋಚುತ್ತಿದ್ದರು. ದೋಚಿದವರು ರಾಜನ ಕಡೆಯವರು, ತಪ್ಪಿಸಿಕೊಂಡವರು ಕಳ್ಳರು! 1729ರಲ್ಲಿ ತೀರಿಕೊಂಡ ಕಾನ್ಹೋಜಿ ಆಂಗ್ರೆ ಮರಾಠರಿಗೆ ನೌಕಾಪತಿ, ಇಂಗ್ಲಿಷ್ ಕಂಪನಿಗೆ ಕಡಲ್ಗಳ್ಳ.

ಹಾಗಂತ ನಮ್ಮ ಕಡೆ ಕಳ್ಳರೇ ಇರಲಿಲ್ಲ ಅಂತಲ್ಲ. ಮಾರ್ಕೊ ಪೋಲೊ 13ನೇ ಶತಮಾನದ ಕೊನೆಗೆ ಪಶ್ಚಿಮ ಕರಾವಳಿಯ ಕಡಲ್ಗಳ್ಳರನ್ನು ವರ್ಣಿಸಿದ್ದಾನೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಹಡಗು, ಹೆಂಡತಿ ಮಕ್ಕಳ ಸಮೇತ, ಬೇಸಿಗೆ ಪೂರ್ತಿ ಕಡಲಲ್ಲೇ. ಇಪ್ಪತ್ತು ಮೂವತ್ತು ಹಡಗು ಐದಾರು ಮೈಲಿಗೊಂದರಂತೆ ಸಾಲಾಗಿ ನಿಲ್ಲುವುದು, ಒಬ್ಬನಿಗೆ ವ್ಯಾಪಾರಿ ಹಡಗು ಕಂಡರೆ ಬೆಂಕಿ ಹೊಗೆಯಿಂದ ಎಲ್ಲರಿಗೂ ಸನ್ನೆ. ನೂರು ಮೈಲಿ ಉದ್ದದ ಬಲೆ ಅದು. ಇನ್ನೊಂದು ವಿವರವನ್ನು ಗುಜರಾತಿನ ಕಳ್ಳರ ಬಗ್ಗೆ ಬರೆದಿದ್ದಾನೆ. ಸಿಕ್ಕಿಬಿದ್ದ ವ್ಯಾಪಾರಿಗಳು ಮುತ್ತು ರತ್ನ ನುಂಗಿಬಿಟ್ಟಿರುತ್ತಾರೆ ಅಂತ ಅವರಿಗೆ ಹುಣಸೆಹಣ್ಣು ಕದಡಿದ ಸಮುದ್ರದ ನೀರು ಕುಡಿಸುತ್ತಿದ್ದರಂತೆ. ಜಯನಗರದ ನಾಟಕದವರಿಗೆ ಇದೊಂದು ದೃಶ್ಯ ಸಾಕು, ಇಡೀ ಅಪಾರ್ಟ್‌ಮೆಂಟ್ ನಗುತ್ತದೆ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಕಡಲ್ಗಳ್ಳರ ಥೀಮ್. ಗ್ರಾಗ್ ಅಂತ ಏನೋ ಕುಡಿಯುತ್ತಿದ್ದರಂತೆ, ಮಕ್ಕಳಿಗೆ ಅದನ್ನು ಹೇಗೆ ಮಾಡುವುದು? – ಓದುಗಿ, ಬನಶಂಕರಿ

ಗ್ರಾಗ್ ಅಂದರೆ ನೀರು ಬೆರೆಸಿದ ರಮ್ಮು ಅಮ್ಮಾ! 1740ರಲ್ಲಿ ಅಡ್ಮಿರಲ್ ವೆರ್ನನ್ ತನ್ನ ನಾವಿಕರು ಕುಡಿದು ಬೀಳುವುದು ನೋಡಲಾರದೆ, ರಮ್ಮಿಗೆ ನಾಲ್ಕರಷ್ಟು ನೀರು ಹಾಕಿ ಎರಡು ಹೊತ್ತು ಕೊಡಿ ಅಂತ ಅಪ್ಪಣೆ ಮಾಡಿದ. ಅವನು ಹಾಕುತ್ತಿದ್ದ ಗ್ರೋಗ್ರಮ್ ಬಟ್ಟೆಯ ಕೋಟಿನಿಂದ ಆ ಹೆಸರು. ನೀವು ರಮ್ಮು ಬಿಟ್ಟು ಬೆಲ್ಲ ಹಾಕಿ, ನಿಂಬೆ ಹಿಂಡಿ, ಶುಂಠಿ ಜಜ್ಜಿ ಹಾಕಿ. ರಾಮನವಮಿ ಪಾನಕ ಆಯಿತಲ್ವಾ? ಆಗಲಿ. ನಿಂಬೆ ಅಂತೂ ಹಡಗಿನದೇ ಕಥೆ. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಇಲ್ಲದೆ ವಸಡು ಊದಿ, ಹಲ್ಲು ಅಲುಗಾಡಿ, ಹಳೇ ಗಾಯ ಮತ್ತೆ ಬಾಯಿಬಿಟ್ಟು ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಒಂದೇ ಹಡಗಿನ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು. ನೌಕಾಪಡೆ ಅದನ್ನು ಎಲ್ಲರಿಗೂ ಹಂಚಲು ಶುರು ಮಾಡಿದ್ದು 1795ರಲ್ಲಿ. ಸರ್ಕಾರಿ ಕಡತ ಎಲ್ಲ ಕಾಲದಲ್ಲೂ ಒಂದೇ ವೇಗ.

ಪ್ರಶ್ನೆ: ನಾವು ಆರು ಜನ ಗೆಳೆಯರು ತಾರಸಿ ಮೇಲೆ ಒಂದು ರಾತ್ರಿ ಹಡಗಿನವರ ಹಾಗೆ ಕಳೆಯಬೇಕು ಅಂತಿದ್ದೇವೆ. ಹೇಗೆ? – ವೈಟ್‌ಫೀಲ್ಡಿನ ಐಟಿ ಉದ್ಯೋಗಿ

ನೀವು ಶಿಫ್ಟ್ ಮಾಡುವವರು, ಬೇಗ ಅರ್ಥವಾಗುತ್ತದೆ. ಮೂರು ಮೂರು ಜನರ ಎರಡು ಗುಂಪು. ನಾಲ್ಕು ಗಂಟೆಗೊಂದು ಪಾಳಿ, ಆದರೆ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ಗಂಟೆಗೆ ಒಡೆಯುತ್ತಾರೆ. ಆಗ ದಿನಕ್ಕೆ ಏಳು ಪಾಳಿ ಆಗಿ, ನಿನ್ನೆ ಮಧ್ಯರಾತ್ರಿ ಎದ್ದವರಿಗೆ ಇವತ್ತು ಆ ಹೊತ್ತು ನಿದ್ದೆ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಬೇಕು, ಮೊದಲು ಒಂದು, ಆಮೇಲೆ ಎರಡು, ಎಂಟು ಆದಾಗ ಪಾಳಿ ಮುಗಿಯಿತು. ರಾತ್ರಿ ಸ್ಟೀಲ್ ತಟ್ಟೆ ಬಾರಿಸಿದರೆ ಕೆಳಗಿನ ಮನೆಯವರು ಬರುತ್ತಾರೆ, ನೋಡಿಕೊಳ್ಳಿ. ಮಲಗಲು ಒಬ್ಬೊಬ್ಬರಿಗೆ 14 ಇಂಚು ಅಗಲ, ನೌಕಾಪಡೆಯಲ್ಲಿ ತೂಗುಹಾಸಿಗೆಗೆ ಅಷ್ಟೇ ಜಾಗ ಕೊಡುತ್ತಿದ್ದದ್ದು. ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಲಗಿ ನೋಡಿ. ತೂಗುಹಾಸಿಗೆಯನ್ನು ಟ್ಯಾಂಕಿನ ಪೈಪಿಗೆ ಮಾತ್ರ ಕಟ್ಟಬೇಡಿ. ನಮ್ಮ ಮನೆಯಲ್ಲಿ ಹಾಗೆ ಕಟ್ಟಿದ ನೆಂಟರ ಹುಡುಗನಿಂದಾಗಿ ಮೂರು ದಿನ ಇಡೀ ಬಿಲ್ಡಿಂಗಿಗೆ ನೀರಿರಲಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ ಹೋಗಿ ನಿಜವಾದ ಹಾಯಿ, ಹಳೇ ಥರದ ಹಡಗು ನೋಡಬೇಕು ಅಂದರೆ ಎಲ್ಲಿ? – ದಂಪತಿ, ಹೆಬ್ಬಾಳ

ಹಾಯಿ ಮಾತ್ರ ಸಾಕು ಅಂದರೆ ಊರು ಬಿಡಬೇಕಿಲ್ಲ. ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿಯವರು ಹಾಯಿದೋಣಿ ಅಭ್ಯಾಸ ಮಾಡುತ್ತಾರೆ, ಅದೃಷ್ಟ ಇದ್ದರೆ ದಡದಿಂದ ಕಾಣುತ್ತದೆ.

ಹಳೇ ಹಡಗು ಅಂದರೆ ಕಾರವಾರದ ದಿಕ್ಕು ಹಿಡಿಯಿರಿ. 2025ರ ಮೇ 21ರಂದು ಅಲ್ಲಿ ಕೌಂಡಿನ್ಯ ಎಂಬ ಹಡಗು ನೌಕಾಪಡೆಗೆ ಸೇರಿತು. ಅಜಂತಾದ ಒಂದು ಚಿತ್ರ ನೋಡಿ ಕಟ್ಟಿದ್ದು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದಿಗೆ ಮರದ ಅಂಟು ಮೆತ್ತಿದ್ದಾರೆ. ಇಂಜಿನ್ ಇಲ್ಲ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ! ಆ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಅದು ಯಾವಾಗಲೂ ಕಾರವಾರದಲ್ಲೇ ನಿಂತಿರುತ್ತದೆ ಅಂತ ನಂಬಿ ಹೋಗಬೇಡಿ. ಹೋದರೂ ನಷ್ಟ ಇಲ್ಲ, ಕಡಲ ತೀರದಲ್ಲೇ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಕಡಲ್ಗಳ್ಳ ಅಂತ ಹೆಸರಾದ ಕಪ್ತಾನ್ ಕಿಡ್ 1697ರಲ್ಲಿ ನೀರು, ಸೌದೆ ತುಂಬಿಕೊಳ್ಳಲು ಬಂದದ್ದೂ ಇದೇ ಕಾರವಾರಕ್ಕೆ. ನಾಲ್ಕು ವರ್ಷ ಕಳೆದು ಲಂಡನ್ನಿನಲ್ಲಿ ಅವನಿಗೆ ಗಲ್ಲಾಯಿತು.

ಜೂನ್, ಜುಲೈ ಬೇಡ. ಆಗ ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ, ದೋಣಿಗಳೆಲ್ಲ ಬಂದರಿನಲ್ಲೇ ನಿಂತಿರುತ್ತವೆ. ಹಾಯಿಯ ಕಾಲದಲ್ಲೂ ಅಷ್ಟೆ, ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಅಜ್ಜ ಮನೆಯಿಂದ ಹೊರಡುತ್ತಿದ್ದದ್ದು. ನವೆಂಬರ್ ಮೇಲೆ ಹೋಗಿ. ರಾತ್ರಿ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕಾರವಾರ. ಎಡಗಡೆ ಕಿಟಕಿ ಸೀಟು ಸಿಕ್ಕರೆ ಹೊನ್ನಾವರಕ್ಕೆ ಎದ್ದಿರಿ. ಶರಾವತಿಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ದಾಟುವಷ್ಟು ಹೊತ್ತು ಕೆಳಗೆ ಸಣ್ಣ ದೋಣಿಗಳು ಕಾಣುತ್ತಿರುತ್ತವೆ. ಅವನ್ನು ಕಂಬಕ್ಕೆ ಕಟ್ಟಿರುವ ಗಂಟು ಯಾವುದು ಅಂತ ರೈಲಿನಿಂದ ಕಾಣುವುದಿಲ್ಲ, ಅದಕ್ಕೆ ಇಳಿದು ದೋಣಿ ನಿಲ್ಲುವ ಧಕ್ಕೆಗೇ ಹೋಗಬೇಕು.